ಕೊನೆಯ ಸಾಲು ಬಿಡಿ, ಮೊದಲ ತಪ್ಪು ಹುಡುಕಿ: ಬಯಲಾಟದ ವಿಡಿಯೋ ಮತ್ತು ಎಫ್‌ಎಫ್‌ಎಂಪೆಗ್

ಪ್ರಶ್ನೆ: ಅಣ್ಣಾ, ನಮ್ಮೂರು ಗಂಗಾವತಿ ಹತ್ತಿರ. ಈ ಸಲ ಜಾತ್ರೆಗೆ ನಮ್ಮ ಹಿರಿಯರು ರಾತ್ರಿಯಿಡೀ ಬಯಲಾಟ ಆಡಿದರು. ಒಂದು ಕ್ಯಾಮೆರಾ, ಎರಡು ಫೋನು, ಒಂದು ಸೌಂಡ್ ರೆಕಾರ್ಡರ್ ಇಟ್ಟು ಹಿಡಿದಿದ್ದೇವೆ. ಎಲ್ಲ ಕೂಡಿಸಿ ಎಂಪಿ4 ಮಾಡಿ, ಪೆನ್‌ಡ್ರೈವಿಗೆ ಹಾಕಿ ಪಾತ್ರ ಮಾಡಿದವರ ಮನೆಗೆಲ್ಲ ಕೊಡಬೇಕು. ವಿಡಿಯೋ ಬದಲಿಸುವ ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡು ಒಂದು ವಾರದಿಂದ ಒದ್ದಾಡುತ್ತಿದ್ದೇನೆ. ಏನು ಮಾಡಿದರೂ ಕೊನೆಗೆ ‘ಕನ್ವರ್ಷನ್ ಫೇಲ್ಡ್’ ಅಂತ ಬರುತ್ತದೆ. ಕ್ಯಾಮೆರಾ ಅಡಾಪ್ಟರ್ ಮೇಲೆ ಓಡುತ್ತಿತ್ತು, ಕರೆಂಟ್ ಹೋದಾಗ ನಿಂತ ಒಂದು ಫೈಲು ತೆರೆಯುವುದೇ ಇಲ್ಲ. ಹೇಗೋ ಕೂಡಿಸಿದ್ದರಲ್ಲಿ ದನಿ ಹಿಂದೆ ಬೀಳುತ್ತದೆ. ಕನ್ನಡದಲ್ಲಿ ಹೆಸರು ಹಾಕಿದರೆ ಒತ್ತಕ್ಷರ ಒಡೆಯುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಆ ತೆರೆಯದ ಫೈಲು ಯಾವ ಮೆಮೊರಿ ಕಾರ್ಡಿನಲ್ಲಿದೆಯೋ ಆ ಕಾರ್ಡನ್ನು ತೆಗೆದಿಡಿ. ಅದರಲ್ಲಿ ಹೊಸದಾಗಿ ಏನೂ ರೆಕಾರ್ಡ್ ಮಾಡಬೇಡಿ. ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ದೊಡ್ಡ ಎಸ್‌ಡಿ ಕಾರ್ಡ್ ಆಗಿದ್ದರೆ ಪಕ್ಕದಲ್ಲಿ ಸಣ್ಣ ಲಾಕ್ ಇರುತ್ತದೆ, ಅದನ್ನು ಸರಿಸಿಬಿಡಿ. ಆಮೇಲೆ ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ಒಂದು ನಕಲು, ಹಾರ್ಡ್‌ಡಿಸ್ಕಿಗೆ ಇನ್ನೊಂದು ನಕಲು. ಇಷ್ಟು ಆದ ಮೇಲೆ ಮುಂದಿನ ಮಾತು.

ಇದನ್ನೇ ಮೊದಲು ಹೇಳುವುದಕ್ಕೆ ಕಾರಣ ಇದೆ. ಸಿರುಗುಪ್ಪ ಕಡೆಯ ಒಂದು ಊರಲ್ಲಿ ನಾನೂ ಹೀಗೆ ದೊಡ್ಡಾಟ ಹಿಡಿದಿದ್ದೆ. ಬೆಳಗಿನ ಜಾವ ಕರೆಂಟ್ ಹೋಯಿತು, ಫೈಲು ತೆರೆಯಲಿಲ್ಲ. ಹಾಳಾಗಿದೆ ಅಂದುಕೊಂಡು ಮರುದಿನದ ಮದುವೆಗೆ ಅದೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಟ್ಟೆ. ಅಂಥ ಫೈಲನ್ನು ಎಷ್ಟೋ ಸಲ ಉಳಿಸಬಹುದು ಅಂತ ಗೊತ್ತಾಗಿದ್ದು ಆಮೇಲೆ. ಅವತ್ತು ಸಾರಥಿ ಪಾತ್ರ ಮಾಡಿದ್ದ ಅಜ್ಜ ಈಗಿಲ್ಲ. ಅವರ ಮೊಮ್ಮಕ್ಕಳು ಇವತ್ತಿಗೂ ಸಿಕ್ಕಾಗ ಆ ವಿಡಿಯೋ ಕೇಳುತ್ತಾರೆ.

ಈಗ ಶುರು ಮಾಡೋಣ. ಕಮಾಂಡುಗಳನ್ನು ನಾನು ಫೋನಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆಯುತ್ತೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

‘ಕನ್ವರ್ಷನ್ ಫೇಲ್ಡ್’ ಅನ್ನುವುದು ತಪ್ಪಿನ ಹೆಸರಲ್ಲ. ಕೆಲಸ ಆಗಲಿಲ್ಲ ಅಂತ ಅಷ್ಟೇ. ತಪ್ಪು ಏನು ಅನ್ನುವುದು ಅದಕ್ಕಿಂತ ಮೇಲೆ ಎಲ್ಲೋ ಇರುತ್ತದೆ. ಒಂದು ಕಡೆ ಎಡವಿದ್ದಕ್ಕೆ ಕೆಳಗೆ ನಾಲ್ಕಾರು ಸಾಲು ದೂರು ಬರುತ್ತವೆ, ಎಲ್ಲರೂ ಕೊನೆಯದನ್ನು ಓದುತ್ತಾರೆ. ನೀವು ಮೇಲಿಂದ ಓದಿ. ಇನ್‌ಪುಟ್ ಫೈಲಿನ ವಿವರ ಮುಗಿದ ಮೇಲೆ ಬರುವ ಮೊದಲ ದೂರಿನ ಸಾಲು ಇದೆಯಲ್ಲ, ಹೆಚ್ಚಿನ ಸಲ ಅಸಲು ಕಾರಣ ಅದೇ. ಪರದೆ ಸರಸರ ಓಡಿ ಹೋದರೆ ಕಮಾಂಡಿನಲ್ಲಿ ಹೈಫನ್ ರಿಪೋರ್ಟ್ ಅಂತ ಸೇರಿಸಿ. ಅದೇ ಫೋಲ್ಡರಿನಲ್ಲಿ ಎಲ್ಲ ಸಾಲುಗಳೂ ಒಂದು ಫೈಲಾಗಿ ಕೂರುತ್ತವೆ, ನಿಧಾನವಾಗಿ ನೋಡಬಹುದು. ಇನ್ನೊಂದು ರೂಢಿ ಮಾಡಿಕೊಳ್ಳಿ: ಏನೇ ಪ್ರಯೋಗ ಇದ್ದರೂ ಹೈಫನ್ ಟಿ 30 ಅಂತ ಹಾಕಿ ಬರೀ 30 ಸೆಕೆಂಡ್ ಮಾಡಿ ನೋಡಿ. ನಾಲ್ಕು ಗಂಟೆ ಕಾದು, ಕೊನೆಗೆ ತಪ್ಪಾಗಿದೆ ಅಂತ ತಿಳಿಯುವುದು ಯಾರಿಗೆ ಬೇಕು ಹೇಳಿ.

ಸಣ್ಣ ತಪ್ಪುಗಳನ್ನು ಬೇಗ ಮುಗಿಸುತ್ತೇನೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂದರೆ ಹತ್ತರಲ್ಲಿ ಒಂಬತ್ತು ಸಲ ಹೆಸರಿನಲ್ಲಿ ಜಾಗ ಬಿಟ್ಟಿರುತ್ತೀರಿ. ‘ಜಾತ್ರೆ ಭಾಗ ಒಂದು’ ಅಂತ ಹೆಸರಿಟ್ಟರೆ ಕಂಪ್ಯೂಟರಿಗೆ ಅದು ಮೂರು ಬೇರೆ ಬೇರೆ ಮಾತು. ಹೆಸರನ್ನು ಡಬಲ್ ಕೋಟ್ ಒಳಗೆ ಹಾಕಿ, ಇಲ್ಲವೇ ಜಾಗ ಇಲ್ಲದ ಚಿಕ್ಕ ಹೆಸರು ಕೊಡಿ. ವಿಂಡೋಸ್ ಫೈಲಿನ ಬಾಲವನ್ನು (ಎಕ್ಸ್‌ಟೆನ್ಷನ್) ಬಚ್ಚಿಡುವುದರಿಂದ ನಿಮ್ಮ ಫೈಲು ನಿಜದಲ್ಲಿ ‘ಡಾಟ್ ಎಂಪಿ4 ಡಾಟ್ ಎಂಪಿ4’ ಆಗಿರಲೂಬಹುದು. ‘ಅನೇಬಲ್ ಟು ಫೈಂಡ್ ಎ ಸೂಟಬಲ್ ಔಟ್‌ಪುಟ್ ಫಾರ್ಮ್ಯಾಟ್’ ಅಂದರೆ ಔಟ್‌ಪುಟ್ ಹೆಸರಿಗೆ ಬಾಲವೇ ಇಲ್ಲ, ಅಥವಾ ಕಮಾಂಡಿನ ಮಧ್ಯೆ ಬೇಡದ ಕಡೆ ಒಂದು ಸ್ಪೇಸ್ ಬಿದ್ದಿದೆ. ಇನ್ನು ಸೂಚನೆಯನ್ನು ಎಲ್ಲಿ ಬರೆಯಬೇಕು ಅನ್ನುವ ವಿಷಯ: ಹೈಫನ್ ಐ ಮುಂಚೆ ಬರೆದ ಸೂಚನೆ ಒಳಗೆ ಬರುವ ಫೈಲಿಗೆ, ಅದರ ನಂತರ ಬರೆದದ್ದು ಹೊರಗೆ ಹೋಗುವ ಫೈಲಿಗೆ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಗೊಂದಲ ಹೋಗುತ್ತದೆ. ಇನ್‌ಪುಟ್ ಮತ್ತು ಔಟ್‌ಪುಟ್‌ಗೆ ಒಂದೇ ಹೆಸರು ಕೊಡಬೇಡಿ. ಓದುತ್ತಿರುವ ಫೈಲಿನ ಮೇಲೆಯೇ ಅದು ಬರೆಯಲಾರದು.

ಈಗ ಮುಖ್ಯ ವಿಷಯ. ಗಂಗಾವತಿಯವರಿಗೆ ಅಕ್ಕಿಯ ಲೆಕ್ಕದಲ್ಲೇ ಹೇಳಿದರೆ ಬೇಗ ತಿಳಿಯುತ್ತದೆ. ಚೀಲದ ಮೇಲೆ ಸೋನಾ ಮಸೂರಿ ಅಂತ ಅಚ್ಚು ಇದ್ದ ಮಾತ್ರಕ್ಕೆ ಒಳಗೂ ಅದೇ ಇರಬೇಕು ಅಂತ ಇಲ್ಲ ಅಲ್ವಾ? ಎಂಪಿ4, ಎಂಒವಿ, ಎಂಕೆವಿ ಇವೆಲ್ಲ ಚೀಲದ ಹೆಸರು. ಒಳಗಿರುವ ಅಕ್ಕಿ, ಅಂದರೆ ಕೋಡೆಕ್, ಬೇರೆ. ಚಿತ್ರಕ್ಕೆ ಎಚ್264 ಅಥವಾ ಎಚ್‌ಇವಿಸಿ, ದನಿಗೆ ಎಎಸಿ, ಪಿಸಿಎಂ, ಓಪಸ್ ಹೀಗೆ. ಚೀಲ ಬಿಚ್ಚಿ ನೋಡುವುದಕ್ಕೆ ಎಫ್‌ಎಫ್‌ಎಂಪೆಗ್ ಜೊತೆಗೇ ಎಫ್‌ಎಫ್‌ಪ್ರೋಬ್ ಅಂತ ಇನ್ನೊಂದು ಬಂದಿರುತ್ತದೆ. ನಿಮ್ಮ ಒಂದೊಂದು ಫೈಲಿನ ಮೇಲೂ ಅದನ್ನು ಓಡಿಸಿ, ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಚಿತ್ರದ ಕೋಡೆಕ್, ಅಳತೆ, ಸೆಕೆಂಡಿಗೆ ಎಷ್ಟು ಫ್ರೇಮು, ದನಿಯ ಕೋಡೆಕ್, ದನಿಯ ಸ್ಯಾಂಪಲ್ ರೇಟ್ 44100 ಇದೆಯೋ 48000 ಇದೆಯೋ. ಹತ್ತು ನಿಮಿಷದ ಕೆಲಸ. ನಿಮ್ಮ ಒಂದು ವಾರದ ಒದ್ದಾಟ ಇದನ್ನು ಬಿಟ್ಟಿದ್ದರಿಂದಲೇ ಬಂದಿದೆ ಅಂತ ನನಗೆ ಅನಿಸುತ್ತದೆ.

ಈ ಹಾಳೆ ಕೈಯಲ್ಲಿದ್ದರೆ ಎರಡು ಮೂರು ತಪ್ಪು ತಾನಾಗಿಯೇ ಅರ್ಥವಾಗುತ್ತವೆ. ‘ಕುಡ್ ನಾಟ್ ಫೈಂಡ್ ಟ್ಯಾಗ್ ಫಾರ್ ಕೋಡೆಕ್ ಪಿಸಿಎಂ’ ಅಂತ ಬಂದರೆ, ಕ್ಯಾಮೆರಾದ ಎಂಒವಿ ಫೈಲಿನಲ್ಲಿ ದನಿ ಪಿಸಿಎಂ ಆಗಿದೆ, ನೀವು ಹೈಫನ್ ಸಿ ಕಾಪಿ ಅಂತ ಕೊಟ್ಟು ಅದನ್ನು ಹಾಗೇ ಎಂಪಿ4 ಚೀಲಕ್ಕೆ ಸುರಿಯಲು ಹೋಗಿದ್ದೀರಿ. ಚಿತ್ರವನ್ನು ಕಾಪಿ ಮಾಡಿ, ದನಿಯನ್ನು ಮಾತ್ರ ಎಎಸಿ ಮಾಡಿ: ಹೈಫನ್ ಸಿ ಕೋಲನ್ ವಿ ಕಾಪಿ, ಹೈಫನ್ ಸಿ ಕೋಲನ್ ಎ ಎಎಸಿ. ಚಿತ್ರದ ಗುಣ ಒಂದು ಚೂರೂ ಹೋಗುವುದಿಲ್ಲ, ಕೆಲಸವೂ ಬೇಗ. ‘ಫಿಲ್ಟರಿಂಗ್ ಅಂಡ್ ಸ್ಟ್ರೀಮ್‌ಕಾಪಿ ಕೆನಾಟ್ ಬಿ ಯೂಸ್ಡ್ ಟುಗೆದರ್’ ಅಂದರೂ ಇದೇ ತರ. ಕಾಪಿ ಅಂದರೆ ಅಕ್ಕಿಯನ್ನು ಮುಟ್ಟದೆ ಚೀಲ ಬದಲಿಸುವುದು. ಚಿತ್ರದ ಅಳತೆ ಬದಲಿಸಬೇಕು, ಮೇಲೆ ಹೆಸರು ಬರೆಯಬೇಕು ಅಂದರೆ ಮುಟ್ಟಲೇಬೇಕು, ಆಗ ಕಾಪಿ ಬಿಟ್ಟು, ಎಚ್264 ಮಾಡಿಕೊಡುವ ಲಿಬ್‌ಎಕ್ಸ್264 ಕೊಡಿ. ‘ಅನ್‌ನೋನ್ ಎನ್‌ಕೋಡರ್ ಲಿಬ್‌ಎಕ್ಸ್264’ ಅಂತ ಬಂದರೆ ನಿಮ್ಮ ಎಫ್‌ಎಫ್‌ಎಂಪೆಗ್‌ನಲ್ಲಿ ಅದನ್ನು ಸೇರಿಸಿಲ್ಲ ಅಂತ. ಪೂರ್ತಿ ಆವೃತ್ತಿ ಹಾಕಿಕೊಳ್ಳಿ, ಬೇರೆ ದಾರಿ ಹುಡುಕುತ್ತಾ ಸಮಯ ಕಳೆಯಬೇಡಿ.

‘ಹೈಟ್ ನಾಟ್ ಡಿವಿಸಿಬಲ್ ಬೈ 2’ ಕೂಡ ನಿಮಗೆ ಬರಬಹುದು. ಫೋನಿನ ವಿಡಿಯೋ ಅಂಚು ಕತ್ತರಿಸಿ 1920 ಅಗಲ, 1078 ಎತ್ತರ ಮಾಡಿಕೊಂಡಿದ್ದೀರಿ ಅಂದುಕೊಳ್ಳಿ. ಅದನ್ನು 1280 ಅಗಲಕ್ಕೆ ಇಳಿಸಿದರೆ ಎತ್ತರ 719 ಬರುತ್ತದೆ, ಬೆಸ ಸಂಖ್ಯೆ. ನಾವು ಬಳಸುವ ವೈಯುವಿ420ಪಿ ಅನ್ನುವ ಪದ್ಧತಿಯಲ್ಲಿ ಬೆಳಕಿನ ಮಾಹಿತಿ ಪ್ರತಿ ಚುಕ್ಕೆಗೂ ಇರುತ್ತದೆ, ಬಣ್ಣದ ಮಾಹಿತಿ ಮಾತ್ರ ಎರಡಕ್ಕೆ ಎರಡು, ಅಂದರೆ ನಾಲ್ಕು ಚುಕ್ಕೆಗೆ ಒಂದು. ಅದಕ್ಕೇ ಅಗಲವೂ ಎತ್ತರವೂ ಸಮಸಂಖ್ಯೆ ಆಗಿರಬೇಕು. ಅಳತೆ ಬದಲಿಸುವ ಸ್ಕೇಲ್ ಫಿಲ್ಟರಿನಲ್ಲಿ ಎತ್ತರಕ್ಕೆ ಮೈನಸ್ 1 ಬದಲು ಮೈನಸ್ 2 ಕೊಡಿ, ಹತ್ತಿರದ ಸಮಸಂಖ್ಯೆ ಅದೇ ಹಿಡಿದುಕೊಳ್ಳುತ್ತದೆ. ಹಾಗೇ ಹೈಫನ್ ಪಿಕ್ಸ್ ಅಂಡರ್‌ಸ್ಕೋರ್ ಎಫ್‌ಎಂಟಿ ವೈಯುವಿ420ಪಿ ಅಂತಲೂ ಹಾಕಿ. ಕೆಲವು ಫೋನು 10 ಬಿಟ್‌ನಲ್ಲಿ ಹಿಡಿದಿರುತ್ತವೆ, ಅದು ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದರೂ ಹಳೆಯ ಟಿವಿಯಲ್ಲಿ ಬರೀ ದನಿ ಬಂದು ಚಿತ್ರ ಬರುವುದಿಲ್ಲ. ನೀವು ಕೊಡುವುದು ಊರಿನ ಹಿರಿಯರ ಮನೆಗೆ, ಅಲ್ಲಿ ಇರುವುದು ಹಳೆಯ ಟಿವಿಗಳೇ.

ಇನ್ನು ಆ ಕರೆಂಟ್ ಹೋದ ಫೈಲು. ಅದರಲ್ಲಿ ‘ಮೂವ್ ಆಟಮ್ ನಾಟ್ ಫೌಂಡ್’ ಅಂತ ಬರುತ್ತಿರಬೇಕು. ಎಂಪಿ4 ಆಗಲಿ ಎಂಒವಿ ಆಗಲಿ, ಕ್ಯಾಮೆರಾ ಮೊದಲು ಚಿತ್ರ ಮತ್ತು ದನಿಯನ್ನು ಒಂದರ ಹಿಂದೆ ಒಂದು ಬರೆಯುತ್ತಾ ಹೋಗುತ್ತದೆ. ಯಾವ ಫ್ರೇಮು ಎಲ್ಲಿ ಶುರು, ಅದರ ಗಾತ್ರ ಎಷ್ಟು, ಯಾವ ಹೊತ್ತಿಗೆ ತೋರಿಸಬೇಕು, ಕೋಡೆಕ್ ಯಾವುದು ಅನ್ನುವ ಪಟ್ಟಿ ಇದೆಯಲ್ಲ, ಅದೇ ಮೂವ್. ಅದನ್ನು ಬರೆಯುವುದು ನೀವು ಸ್ಟಾಪ್ ಒತ್ತಿದ ಮೇಲೆ. ಕರೆಂಟ್ ಹೋದರೆ ಸ್ಟಾಪೇ ಆಗಲಿಲ್ಲ, ಪಟ್ಟಿಯೂ ಬರಲಿಲ್ಲ. ಫೈಲಿನ ಗಾತ್ರ ನೋಡಿ. ಒಂದೆರಡು ಜಿಬಿ ಇದ್ದರೆ ಆಟದ ಚಿತ್ರ, ದನಿ ಬಹುತೇಕ ಒಳಗೇ ಇದೆ, ಓದುವ ದಾರಿ ಮಾತ್ರ ಇಲ್ಲ. ಸೊನ್ನೆ ತೋರಿಸಿದರೆ ಅದು ಬೇರೆ ಕಥೆ. ಆಗ ಕಾರ್ಡಿನಿಂದ ಡೇಟಾ ಹೆಕ್ಕುವ ಸಾಫ್ಟ್‌ವೇರ್ ಬೇಕು.

ಎಫ್‌ಎಫ್‌ಎಂಪೆಗ್ ಒಂದರಿಂದಲೇ ಇದು ಸರಿಯಾಗುವುದಿಲ್ಲ, ಎಷ್ಟು ಆಪ್ಷನ್ ಬದಲಿಸಿದರೂ ಅಷ್ಟೇ. ಅನ್‌ಟ್ರಂಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದಕ್ಕೆ ಎರಡು ಫೈಲು ಬೇಕು: ಕೆಟ್ಟದ್ದು ಒಂದು, ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಹಿಡಿದ ಒಳ್ಳೆಯದು ಒಂದು. ಒಳ್ಳೆಯದನ್ನು ಮಾದರಿಯಾಗಿ ಇಟ್ಟುಕೊಂಡು ಕೆಟ್ಟದ್ದರಲ್ಲಿ ಫ್ರೇಮುಗಳ ಗಡಿ ಹುಡುಕಿ ಹೊಸ ಪಟ್ಟಿ ಕಟ್ಟುತ್ತದೆ. ಅದೇ ರಾತ್ರಿಯ ಬೇರೆ ಭಾಗ ನಿಮ್ಮ ಹತ್ತಿರ ಇದ್ದೇ ಇದೆ, ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಕೊನೆಯ ಕೆಲವು ಸೆಕೆಂಡು ಹೋಗಬಹುದು, ಮಿಕ್ಕದ್ದು ಬಂದರೆ ಸಾಕಲ್ವಾ. ಕೆಲವು ಕ್ಯಾಮೆರಾಗಳು ಕಾರ್ಡನ್ನು ಮತ್ತೆ ಹಾಕಿದಾಗ ಫೈಲು ಸರಿಮಾಡಲೇ ಅಂತ ತಾವೇ ಕೇಳುತ್ತವೆ. ಅದಕ್ಕೂ ಒಪ್ಪಬಹುದು, ಆದರೆ ನಕಲು ಮಾಡಿಕೊಂಡ ಮೇಲೆಯೇ.

ಇದೇ ತಪ್ಪು ಮನೆಯಲ್ಲೂ ಆಗುತ್ತದೆ, ಜಾಸ್ತಿ ಜನ ಗಮನಿಸುವುದಿಲ್ಲ. ಎಫ್‌ಎಫ್‌ಎಂಪೆಗ್ ಓಡುತ್ತಿರುವಾಗ ಸುಮ್ನೆ ಕಿಟಕಿ ಮುಚ್ಚಿದರೆ ಅದರ ಎಂಪಿ4ಗೂ ಪಟ್ಟಿ ಬರೆಯಲು ಸಮಯ ಸಿಗುವುದಿಲ್ಲ. ನಿಲ್ಲಿಸಬೇಕಾದರೆ ಕ್ಯೂ ಅಕ್ಷರ ಒತ್ತಿ, ಅದು ಪಟ್ಟಿ ಬರೆದು ಮುಗಿಸುತ್ತದೆ. ಮೇ ತಿಂಗಳಲ್ಲಿ ನಮ್ಮ ಬಳ್ಳಾರಿ, ರಾಯಚೂರು ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೆಯ ಲ್ಯಾಪ್‌ಟಾಪ್ ನಾಲ್ಕು ಗಂಟೆ ಎನ್‌ಕೋಡ್ ಮಾಡುತ್ತಾ ಕಾದು, ತಾನೇ ಆಫ್ ಆಗಿಬಿಡುತ್ತದೆ. ಅಲ್ಲಿಗೆ ಮತ್ತೆ ಅದೇ ಮೂವ್ ಆಟಮ್. ರಾತ್ರಿ ಹೊತ್ತು ಓಡಿಸಿ, ಹೈಫನ್ ಥ್ರೆಡ್ಸ್ 2 ಅಂತ ಕೊಟ್ಟು ನಿಧಾನ ಮಾಡಿ, ಮಧ್ಯದ ಫೈಲುಗಳನ್ನು ಎಂಕೆವಿಯಲ್ಲಿ ಇಟ್ಟುಕೊಳ್ಳಿ. ಎಂಕೆವಿ ಅರ್ಧಕ್ಕೆ ನಿಂತರೂ ಆವರೆಗಿನದು ಓಡುತ್ತದೆ. ಲ್ಯಾಪ್‌ಟಾಪಿನಿಂದ ಒಬಿಎಸ್‌ನಲ್ಲಿ ರೆಕಾರ್ಡ್ ಮಾಡುವವರಿಗೂ ನನ್ನ ಮಾತು ಇದೇ: ಎಂಕೆವಿಯಲ್ಲಿ ಹಿಡಿಯಿರಿ, ಆಮೇಲೆ ಕಾಪಿ ಕೊಟ್ಟು ಎಂಪಿ4 ಮಾಡಿ, ಅರೆ ನಿಮಿಷ ಸಾಕು.

ದನಿ ಹಿಂದೆ ಬೀಳುವುದಕ್ಕೆ ನಿಮ್ಮ ವಿಷಯದಲ್ಲಿ ಎರಡು ಕಾರಣ ಇರಬಹುದು, ಎರಡನ್ನೂ ಬೇರೆ ಬೇರೆ ನೋಡಬೇಕು. ಒಂದು, ಬೇರೆ ಬೇರೆ ತಳಿಯ ಫೈಲುಗಳನ್ನು ಕಾಪಿಯಲ್ಲೇ ಅಂಟಿಸಿದ್ದು. ನಮ್ಮ ಕಡೆ ಕ್ಯಾಮೆರಾಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮು, ಫೋನು 30. ಅದೂ ಫೋನಿನಲ್ಲಿ 30 ಅನ್ನುವುದು ಬಾಯಿಮಾತು. ವೇದಿಕೆ ಮೇಲೆ ಬೆಳಕು ಕಡಿಮೆಯಾದರೆ ಅದು 24ಕ್ಕೋ ಇನ್ನೂ ಕೆಳಕ್ಕೋ ಇಳಿಸಿಕೊಳ್ಳುತ್ತದೆ, ಮತ್ತೆ ಏರಿಸುತ್ತದೆ. ಇಂಥವನ್ನು ಹಾಗೇ ಕೂಡಿಸಿದಾಗಲೇ ‘ನಾನ್ ಮೊನೊಟೊನಿಕ್ ಡಿಟಿಎಸ್’ ಅಂತ ಸಾಲುಸಾಲಾಗಿ ಸುರಿಯುವುದು. ಫ್ರೇಮುಗಳ ಗಡಿಯಾರ ಹಿಂದಕ್ಕೆ ಹೋಯಿತು ಅಂತ ಅರ್ಥ. ಆದ್ದರಿಂದ ಕೂಡಿಸುವ ಮುಂಚೆ ಪ್ರತಿಯೊಂದನ್ನೂ ಒಂದೇ ಅಚ್ಚಿಗೆ ತನ್ನಿ: ಒಂದೇ ಅಳತೆ, 25 ಫ್ರೇಮು, ಲಿಬ್‌ಎಕ್ಸ್264, ವೈಯುವಿ420ಪಿ, ದನಿ ಎಎಸಿ, ಹೈಫನ್ ಎಆರ್ 48000, ಹೈಫನ್ ಎಸಿ 2. ದನಿಯ ಮಧ್ಯೆ ಸಣ್ಣ ತೂತುಗಳಿದ್ದರೆ ತುಂಬಿಕೊಳ್ಳಲಿ ಅಂತ ಆಡಿಯೋ ಫಿಲ್ಟರಿನಲ್ಲಿ ಎರೀಸ್ಯಾಂಪಲ್ ಈಕ್ವಲ್ಸ್ ಅಸಿಂಕ್ ಈಕ್ವಲ್ಸ್ 1 ಸೇರಿಸಿ. ಆಮೇಲೆ ಕಾಪಿಯಲ್ಲಿ ಕೂಡಿಸಿದರೆ ತಕರಾರು ಇರುವುದಿಲ್ಲ.

ಕೂಡಿಸಬೇಕಾದ ಫೈಲುಗಳ ಹೆಸರು ಬರೆಯುವ ಪಟ್ಟಿಯಲ್ಲೂ ಒಂದು ಮುಳ್ಳು ಇದೆ. ಪಟ್ಟಿ ಸರಿಯಾಗಿಯೇ ಇದ್ದರೂ ‘ಲೈನ್ 1, ಅನ್‌ನೋನ್ ಕೀವರ್ಡ್’ ಅಂತ ಬಂದರೆ, ಪವರ್‌ಶೆಲ್ ಅಥವಾ ನೋಟ್‌ಪ್ಯಾಡ್ ಆ ಪಟ್ಟಿಯ ತಲೆಯಲ್ಲಿ ಬಿಒಎಂ ಅನ್ನುವ ಕಣ್ಣಿಗೆ ಕಾಣದ ಗುರುತು ಸೇರಿಸಿದೆ. ಸೇವ್ ಆ್ಯಸ್ ಮಾಡುವಾಗ ಬರೀ ಯುಟಿಎಫ್-8 ಆರಿಸಿ, ಬಿಒಎಂ ಇರುವುದು ಬೇಡ. ‘ಅನ್‌ಸೇಫ್ ಫೈಲ್ ನೇಮ್’ ಅಂದರೆ ಹೈಫನ್ ಐ ಮುಂಚೆ ಹೈಫನ್ ಸೇಫ್ 0 ಹಾಕಿದರೆ ಆಯಿತು.

ಎರಡನೆಯ ಕಾರಣ ನಿಮ್ಮ ಸೌಂಡ್ ರೆಕಾರ್ಡರ್. ಕ್ಯಾಮೆರಾ ಒಳಗಿನ ಗಡಿಯಾರಕ್ಕೂ ರೆಕಾರ್ಡರ್ ಒಳಗಿನದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಮದುವೆಯ ಐದು ನಿಮಿಷದ ತುಂಡಿನಲ್ಲಿ ಗೊತ್ತಾಗುವುದಿಲ್ಲ. ಮೂರು ಗಂಟೆ ಒಂದೇ ಸಮನೆ ಓಡಿದರೆ ಅರ್ಧ ಸೆಕೆಂಡ್ ಆಚೀಚೆ ಆಗಬಹುದು. ಬಯಲಾಟದಲ್ಲಿ ಅರ್ಧ ಸೆಕೆಂಡ್ ಅಂದರೆ ಕುಣಿತದ ಹೆಜ್ಜೆ ಒಂದು ಕಡೆ, ಮದ್ದಳೆ ಒಂದು ಕಡೆ. ಇದಕ್ಕೆ ಮದ್ದಳೆಯೇ ಅಳತೆಗೋಲು. ಶುರುವಿನಲ್ಲಿ ಕೈ ಮದ್ದಳೆಗೆ ಬೀಳುವುದು ಸ್ಪಷ್ಟವಾಗಿ ಕಾಣುವ ಒಂದು ಪೆಟ್ಟು, ಕೊನೆಯಲ್ಲಿ ಅಂಥದೇ ಒಂದು ಪೆಟ್ಟು ಹುಡುಕಿ. ಎರಡರ ನಡುವೆ ವಿಡಿಯೋದಲ್ಲಿ 10800 ಸೆಕೆಂಡು, ರೆಕಾರ್ಡರ್‌ನಲ್ಲಿ 10800.6 ಸೆಕೆಂಡು ಇದೆ ಅಂದುಕೊಳ್ಳಿ. ದನಿಯನ್ನು ಅಷ್ಟೇ ಅಷ್ಟು ಬೇಗ ಓಡಿಸಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 1.0000556. ಎಟೆಂಪೋ ಅನ್ನುವ ಆಡಿಯೋ ಫಿಲ್ಟರಿಗೆ ಈ ಸಂಖ್ಯೆ ಕೊಡಿ. ಹಾಡಿನ ಶ್ರುತಿ ಬದಲಾಗುವುದಿಲ್ಲ. ವಿಡಿಯೋದ ಮಧ್ಯೆ ಕ್ಯಾಮೆರಾ ನಿಂತು ಮತ್ತೆ ಶುರುವಾಗಿದ್ದರೆ ಒಂದೊಂದು ತುಂಡಿಗೂ ಬೇರೆ ಬೇರೆ ಹೊಂದಿಸಬೇಕು. ಬೇಸರದ ಕೆಲಸ ನಿಜ. ಆದರೆ ಪಾತ್ರಧಾರಿ ತನ್ನ ಹೆಜ್ಜೆಯನ್ನು ತಾನೇ ನೋಡುವಾಗ ತಾಳ ತಪ್ಪಿದ ಹಾಗೆ ಕಂಡರೆ ಅವರಿಗೆ ಎಷ್ಟು ಬೇಜಾರಾಗುತ್ತದೆ ಯೋಚಿಸಿ. ತಪ್ಪು ಅವರದಲ್ಲ, ನಮ್ಮದು.

ಕನ್ನಡದ ಒತ್ತಕ್ಷರಕ್ಕೆ ಬರೋಣ. ‘ಕೊಪ್ಪಳ’ ಅಂತ ಬರೆದರೆ ‘ಕೊಪ್‌ಪಳ’, ‘ಬಳ್ಳಾರಿ’ ಅಂತ ಬರೆದರೆ ‘ಬಳ್‌ಳಾರಿ’ ಅಂತ ಬರುತ್ತಿದೆ ಅಲ್ವಾ? ನೀವು ಡ್ರಾಟೆಕ್ಸ್ಟ್ ಫಿಲ್ಟರ್ ಬಳಸಿದ್ದೀರಿ. ಇಂಗ್ಲಿಷಿನ ಹಾಗೆ ಅಕ್ಷರದ ಪಕ್ಕ ಅಕ್ಷರ ಜೋಡಿಸಿದರೆ ಕನ್ನಡ ಆಗುವುದಿಲ್ಲ. ಒತ್ತು ಕೆಳಗೆ ಇಳಿಯಬೇಕು, ಕೊಂಬು ಬಲಕ್ಕೆ ಬರಬೇಕು, ಗುಡಿಸು ಅಕ್ಷರದೊಳಗೆ ಬೆರೆಯಬೇಕು. ಅದನ್ನು ಮಾಡುವುದು ಹಾರ್ಫ್‌ಬಝ್ ಅನ್ನುವ ಲೈಬ್ರರಿ. ಹಳೆಯ ಎಫ್‌ಎಫ್‌ಎಂಪೆಗ್‌ಗಳಲ್ಲಿ ಡ್ರಾಟೆಕ್ಸ್ಟ್ ಅದನ್ನು ಬಳಸುತ್ತಿರಲಿಲ್ಲ, ಈಚಿನ ಆವೃತ್ತಿಗಳಲ್ಲಿ ಬಳಸುತ್ತದೆ. ಹಾಗಾಗಿ ಹೊಸದು ಹಾಕಿಕೊಳ್ಳುವುದು ಒಂದು ದಾರಿ. ನಾನು ಮಾಡುವುದು ಬೇರೆ: ಹೆಸರುಗಳನ್ನೆಲ್ಲ ಒಂದು ಎಸ್‌ಆರ್‌ಟಿ, ಅಂದರೆ ಸಬ್‌ಟೈಟಲ್ ಫೈಲಿನಲ್ಲಿ ಬರೆದು ಸಬ್‌ಟೈಟಲ್ಸ್ ಫಿಲ್ಟರಿನಿಂದ ಚಿತ್ರದ ಮೇಲೆ ಅಚ್ಚು ಹಾಕುತ್ತೇನೆ. ಅದು ಲಿಬಾಸ್ ಅನ್ನುವ ಇನ್ನೊಂದು ಲೈಬ್ರರಿ ಮೂಲಕ ಹೋಗುತ್ತದೆ, ಒತ್ತಕ್ಷರ ಸರಿಯಾಗಿ ಕೂರುತ್ತವೆ. ಫಾಂಟು ನೋಟೋ ಸಾನ್ಸ್ ಕನ್ನಡ ಇರಲಿ. ಚೌಕ ಚೌಕ ಬಂದರೆ ಫಾಂಟೇ ಸಿಕ್ಕಿಲ್ಲ ಅಂತ ಅರ್ಥ.

ಇಲ್ಲಿ ಎರಡು ಕಡೆ ಎಡವುತ್ತೀರಿ. ವಿಂಡೋಸಿನಲ್ಲಿ ಸಿ ಕೋಲನ್ ಅಂತ ಶುರುವಾಗುವ ಪೂರ್ತಿ ವಿಳಾಸ ಕೊಟ್ಟರೆ ಫಿಲ್ಟರ್ ಆ ಕೋಲನನ್ನು ಬೇರೆ ಸೂಚನೆ ಅಂದುಕೊಳ್ಳುತ್ತದೆ. ಸುಲಭ ಉಪಾಯ ಏನೆಂದರೆ ಎಸ್‌ಆರ್‌ಟಿ ಇರುವ ಫೋಲ್ಡರಿಗೇ ಹೋಗಿ ಬರೀ ಹೆಸರು ಕೊಡುವುದು. ಇನ್ನೊಂದು, ಊರಿನ ಹಳೆಯ ಕರಪತ್ರದ ಫೈಲಿನಿಂದ ಪಾತ್ರಧಾರಿಗಳ ಹೆಸರು ಕಾಪಿ ಮಾಡಿದ್ದರೆ ಅದು ನುಡಿ ಅಥವಾ ಬರಹ ಸಾಫ್ಟ್‌ವೇರಿನ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರ ಆಗಿರಬಹುದು. ಆಗ ಎರರ್ ಏನೂ ಬರದೆ ಪರದೆ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಯೂನಿಕೋಡಿಗೆ ಬದಲಿಸಿಕೊಂಡು, ಒಂದೊಂದು ಹೆಸರನ್ನೂ ಕಣ್ಣಲ್ಲಿ ಓದಿ ನೋಡಿ, ಬದಲಿಸುವಾಗ ಅರ್ಕಾವತ್ತು ಅಲ್ಲಿ ಇಲ್ಲಿ ಜಾರುತ್ತದೆ.

ಕೊನೆಗೆ ಪೆನ್‌ಡ್ರೈವ್. ಟಿವಿಗೆ ಹಾಕುವ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಇರುತ್ತವೆ, ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನಂತೆ ನಾಲ್ಕು ಗಂಟೆಯ ಆಟ ಮಾಡಿದರೆ ಚಿತ್ರವೇ 7.2 ಜಿಬಿ ಆಗುತ್ತದೆ. ನೇರವಾಗಿ ಪೆನ್‌ಡ್ರೈವಿಗೇ ಔಟ್‌ಪುಟ್ ಕೊಟ್ಟಿದ್ದರೆ 4 ಜಿಬಿ ಮುಟ್ಟಿದ ಕೂಡಲೇ ಬರೆಯುವುದು ನಿಲ್ಲುತ್ತದೆ, ಪಟ್ಟಿ ಬರೆಯಲೂ ಜಾಗ ಇರುವುದಿಲ್ಲ. ನಿಮಗೆ ಗಂಟೆಗಟ್ಟಲೆ ಓಡಿ ಆಮೇಲೆ ‘ಕನ್ವರ್ಷನ್ ಫೇಲ್ಡ್’ ಬಂದ ಸಲ ಇದೇ ಆಗಿರಬಹುದು. ಎಲ್ಲವನ್ನೂ ಹಾರ್ಡ್‌ಡಿಸ್ಕಿನಲ್ಲಿ ಮಾಡಿ, ಎರಡೆರಡು ಗಂಟೆಯ ಎರಡು ಭಾಗ ಮಾಡಿ. ಒಂದೊಂದು ದನಿ ಸೇರಿ ಸುಮಾರು 3.7 ಜಿಬಿ ಬರುತ್ತದೆ. ಲೆಕ್ಕ ನಿಖರವಾಗಿರಲಿ ಅಂತ ಇಲ್ಲಿ ಗುಣಮಟ್ಟ ನೋಡಿ ಗಾತ್ರ ಹಿಡಿಯುವ ಸಿಆರ್‌ಎಫ್ ಬದಲು ಹೈಫನ್ ಬಿ ಕೋಲನ್ ವಿ 4ಎಂ ಕೊಡಿ. ಕಥೆಯಲ್ಲಿ ಒಂದು ಪ್ರಸಂಗ ಮುಗಿಯುವ ಕಡೆ ಕತ್ತರಿಸಿ, ಹಾಡುವ ಪದದ ಮಧ್ಯೆ ಬೇಡ.

ಮೊದಲು ಆ ಕರೆಂಟ್ ಹೋದ ಫೈಲಿನ ನಕಲಿನ ಮೇಲೆ ಅನ್‌ಟ್ರಂಕ್ ಓಡಿಸಿ, ಮಿಕ್ಕಿದ್ದೆಲ್ಲ ಆಮೇಲೆ. ಅದು ಒಪ್ಪದಿದ್ದರೆ ಕ್ಯಾಮೆರಾದ ಮಾಡೆಲ್, ಫೈಲಿನ ಗಾತ್ರ, ಒಳ್ಳೆಯ ಫೈಲಿನ ಎಫ್‌ಎಫ್‌ಪ್ರೋಬ್ ಸಾಲುಗಳು ಇವಿಷ್ಟನ್ನು ಕಳಿಸಿ, ಕೂತು ನೋಡುತ್ತೇನೆ.